ಬರದಾಗ ಖರೆ ಇತ್ತು, ಈಗ ಇಲ್ಲ. ಹಳೇ ಬರಹಕ್ಕ ಏನ ಮಾಡೂದು?

ಚೀಲದಾಂವ (ಗದಗ):

ಎಲ್ಲಾರಿಗೂ ನಮಸ್ಕಾರ್ರಿ.

ನಾ ಒಂದ ಔಷಧ ಕಂಪನಿಯೊಳಗ ಎಮ್ಮಾರ್ ಇದ್ದೇನಿ, ಅಂದ್ರ ಡಾಕ್ಟರ್ ಕಡೆ ಹೋಗಿ ಕಂಪನಿ ಔಷಧದ ಬಗ್ಗೆ ಹೇಳೂ ಕೆಲಸ. ಗದಗ, ಅಣ್ಣಿಗೇರಿ, ಹುಬ್ಬಳ್ಳಿ, ಲಕ್ಷ್ಮೇಶ್ವರ, ಸವಣೂರ, ಹಾವೇರಿ, ಹಿಂಗ ವಾರಪೂರ್ತಿ ಬೈಕ್ ಮ್ಯಾಲೆ ತಿರಗಾಟ. ಡಾಕ್ಟರ್ ಪೇಶಂಟ್ ನೋಡಿ ಮುಗಿಸಿದ ಮ್ಯಾಲೆ ನಮ್ಮ ಪಾಳಿ ಬರೂದು, ಹಂಗಾಗಿ ಮಧ್ಯಾಹ್ನದ ಊಟ ಮನ್ಯಾಗ ಆಗೂ ಮಾತೇ ಇಲ್ಲ. ಎರಡೂವರಿ, ಮೂರಕ್ಕ ಯಾವ ಊರಾಗ ಇರ್ತೇನೋ ಆ ಊರಿನ ಖಾನಾವಳಿನೇ ಗತಿ. ಖಾನಾವಳಿ ಗುಣ ಗೊತ್ತಾಗಬೇಕಂದ್ರ ಮೂರಕ್ಕ ಹೋಗಬೇಕ ನೋಡ್ರಿ. ಹನ್ನೆರಡೂವರಿಗೆ ಎಲ್ಲಾ ಕಡೆನೂ ಊಟ ಚಲೋನೇ ಇರತೈತಿ.

ಈ ಊಟದ ಬಗ್ಗೆ ನಂದೊಂದು ಬ್ಲಾಗ್ ಐತಿ. ಜಾಹೀರಾತ ಇಲ್ಲ, ಅದರಿಂದ ಒಂದ ರೂಪಾಯಿ ಬರಂಗಿಲ್ಲ. ಯಾರ ಮಡಿಕಿಕಾಳ ಪಲ್ಯಾ ಹದಾ ಇರತೈತಿ, ಯಾರು ಗುರೆಳ್ಳ ಚಟ್ನಿ ಇನ್ನೊಂದ ಚಮಚಾ ಕೇಳಿದ್ರ ಮುಖಾ ಗಂಟ ಹಾಕ್ದ ನೀಡತಾರ, ಇಂಥಾವೆಲ್ಲಾ ಬರಿತೇನಿ. ಒಂದ ನೇಮ ಇಟ್ಕೊಂಡೇನಿ. ಚಲೋ ಇದ್ರ ಬರಿಯೂದು, ಕೆಟ್ಟಿದ್ರ ರೊಕ್ಕಾ ಕೊಟ್ಟು ಸುಮ್ಮ ಎದ್ದ ಬರೂದು. ಬಡವರ ಹೊಟ್ಟಿ ಮ್ಯಾಲೆ ನಾ ಯಾಕ ಹೊಡೀಲಿ ಅಂತ.

ಈಗಿನ ತ್ರಾಸ ಏನಂದ್ರ, ಹುಬ್ಬಳ್ಳಿ-ಗದಗ ರಸ್ತಾದ ಕಡೆ ಒಬ್ಬ ಅಕ್ಕಾರು ಮನಿ ಮುಂದಿನ ಖೋಲಿಯೊಳಗ ಖಾನಾವಳಿ ನಡಸ್ತಾರ. ಹೆಸರು, ಊರು ಹೇಳಂಗಿಲ್ಲ. ಕೆಲವು ವರ್ಷದ ಹಿಂದ ಅವರ ಬಗ್ಗೆ ಬರದಿದ್ದೆ. “ಇಲ್ಲೆ ರೊಟ್ಟಿ ಹಂಚಿನ ಮ್ಯಾಲಿಂದ ಸೀದಾ ತಾಟಿಗೆ ಬೀಳತೈತಿ, ಮೂರಕ್ಕ ಹೋದ್ರೂ” ಅಂತ. ಅದು ಅಂದ ಖರೇನೇ ಇತ್ತು, ಆಣಿ ಮಾಡಿ ಹೇಳ್ತೇನಿ. ಅದನ್ನ ನೋಡಿ ಯಾರೋ ವಿಡಿಯೋ ಮಾಡಿದ್ರು, ಐತವಾರಕ್ಕೊಮ್ಮೆ ಬೆಂಗಳೂರ ನಂಬರಿನ ಕಾರು ಬಂದ ನಿಲ್ಲಾಕ ಹತ್ತಿದ್ವು. ಅಂದಿನಿಂದ ಅಕ್ಕಾರು ನನ್ನ ಕಡಿಂದ ರೊಕ್ಕಾ ಮುಟ್ಟಂಗಿಲ್ಲ. “ನಿಮ್ಮ ರೊಕ್ಕಾ ತೊಗೊಂಡ್ರ ನಮಗ ಏಳಿಗಿ ಆಗೂದಿಲ್ಲ ತಮ್ಮಾ” ಅಂತಾರ. ನಾಕ ಮಂದಿ ಮುಂದ ಜಗ್ಗಾಡಾಕೂ ಬರಂಗಿಲ್ಲ.

ಇತ್ತೀಚಿಗೆ ಊಟ ಬ್ಯಾರೇನೇ ಆಗೈತಿ. ರೊಟ್ಟಿ ಹೊರಗಿಂದ ಕಟ್ಟು ಕಟ್ಟು ಬರತಾವು, ನೀರ ಚುಮುಕಿಸಿ ಹಂಚಿನ ಮ್ಯಾಲೆ ಬೆಚ್ಚಗ ಮಾಡಿ ನೀಡತಾರ. ಅಂಚೆಲ್ಲಾ ಸೀಳಿರತಾವು, ಹಿಟ್ಟಿನಾಗಿನ ಜಿಗಿ ಹೋಗಿ ಎಷ್ಟ ದಿನಾ ಆಗೈತೋ. ಹೋದ ಸಲ ಎಣಗಾಯಿಯೊಳಗಿನ ಶೇಂಗಾ ಕಮಟ ವಾಸನಿ ಹೊಡೀತಿತ್ತು. ಹಿಂಗ ಯಾಕ ಆತು ಅನ್ನೂದು ನನಗ ಗೊತ್ತೈತಿ. ಅದು ಅವ್ರ ಮನಿ ಒಳಗಿನ ಮಾತು, ಇಲ್ಲೆ ಹೇಳೂದಲ್ಲ.

ಮೊನ್ನೆ ದಾವಣಗೆರಿಯಿಂದ ಒಬ್ಬರು ಮೇಲ್ ಬರದಾರ: “ನಿಮ್ಮ ಬರಹ ನಂಬಿ ವಯಸ್ಸಾದ ತಂದೆ ತಾಯಿಯನ್ನ ಕರಕೊಂಡು ಹೋಗಿದ್ವಿ. ನೀವು ಊಟ ಮಾಡಿದ್ದು ಇದೇ ಜಾಗದಲ್ಲಾ?” ಬೈದಿಲ್ಲ, ಅಷ್ಟೇ ಕೇಳ್ಯಾರ. ಬೈದಿದ್ರ ಉತ್ತರಾ ಕೊಡೂದು ಸರಳ ಆಗತಿತ್ತು.

ಏನ ಮಾಡ್ಲಿ? ಹಳೇ ಬರಹ ಅಳಸ್ಲಾ, ತಿದ್ಲಾ, ಹಂಗ ಬಿಡ್ಲಾ? ಈಗಿನ ಊಟ ಹಿಂಗೈತಿ ಅಂತ ಬರದ್ರ ಪುಕಟ ಉಂಡ ಬಂದು ಅವರ ಮ್ಯಾಲೇ ಬರದಂಗ ಆಗತೈತಿ. ಬರೀಲಿಲ್ಲಂದ್ರ ಪುಕಟ ಊಟಕ್ಕ ಬಾಯಿ ಮುಚ್ಚಿದಂಗ ಆಗತೈತಿ.

ಇದನ್ನ ನಾ ಹಗರ ತೊಗೊಳ್ಳಾಕ ಬರಂಗಿಲ್ಲ, ಯಾಕಂದ್ರ ನನ್ನ ಹೊಟ್ಟಿಪಾಡಿನ ಧಂದೆನೇ ಇಂಥಾದ್ದು. 2009ರ ಡಿಸೆಂಬರಿನ್ಯಾಗ ಭಾರತೀಯ ವೈದ್ಯಕೀಯ ಪರಿಷತ್ತು ಡಾಕ್ಟರು ಔಷಧ ಕಂಪನಿ ಕಡಿಂದ ಉಡುಗೊರಿ ತೊಗೊಳ್ಳಬಾರದು ಅಂತ ನಿಯಮ ತಂತು. 2024ರ ಮಾರ್ಚಿನ್ಯಾಗ ಕಂಪನಿಗಳಿಗೇ ಸಂಹಿತಾ, ಅಂದ್ರ ನಡತಿ ನಿಯಮ, ಬಂತು. ಈಗ ಕ್ಯಾಲೆಂಡರ್, ಡೈರಿ, ಪುಸ್ತಕ ಅಂಥಾವು ಒಂದಕ್ಕ 1000 ರೂಪಾಯಿ ಒಳಗಿದ್ರ ಅಷ್ಟೇ ನಡೀತೈತಿ. ಊಟಕ್ಕ ಯಾವ ಡಾಕ್ಟರ್ ಮನಸ್ಸ ಮಾರ್ಕೋತಾರ್ರಿ ಅಂತ ನಾವೂ ಕೇಳತಿದ್ವಿ. 2016ರಾಗ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕಾದಾಗ ಅಮೆರಿಕಾದ ಒಂದ ಅಧ್ಯಯನ ಬಂತು. 20 ಡಾಲರಿಗಿಂತ ಕಡಿಮಿ ಬೆಲಿ ಊಟ, ಅದೂ ಒಮ್ಮೆ ಉಂಡ ಡಾಕ್ಟರುಗಳೂ ಆ ಕಂಪನಿ ಗುಳಿಗಿ ಬರಿಯೂದು ಉಣ್ಣದವ್ರಿಗಿಂತ ಹೆಚ್ಚು ಕಂಡುಬಂತು. ಊಟಾನೇ ಕಾರಣ ಅಂತ ಅವ್ರು ಹೇಳಿಲ್ಲ, ಎರಡೂ ಕೂಡಿ ಕಂಡಾವು ಅಂತ ಹೇಳ್ಯಾರ. ಆದ್ರೂ ಅದನ್ನ ಓದಿದ ಮ್ಯಾಲೆ ಅಕ್ಕಾರ ತಾಟ ನನ್ನ ಮುಂದ ಬಂದಾಗೆಲ್ಲಾ ನೆನಪಾಗತೈತಿ. ಕೊಟ್ಟವ್ರಿಗೂ ಇದು ಲಂಚ ಅನಸೂದಿಲ್ಲ, ಉಂಡವಗೂ ಅನಸೂದಿಲ್ಲ. ಇದರ ತಾಕತ್ತು ಇರೂದೇ ಅಲ್ಲೆ.

ಬಲ್ಲವ್ರು ಹೇಳ್ರಿ.

---

ದುರ್ಗದಬೈಲ್ ಗಿರ್ಮಿಟ್ (ಹುಬ್ಬಳ್ಳಿ):

ಅಣ್ಣಾ, ಇಷ್ಟ್ಯಾಕ ತಲಿ ಕೆಡಿಸ್ಕೊಂಡಿ? ಇಲ್ಲೆ ಹುಬ್ಬಳ್ಳ್ಯಾಗ ಒಂದ ರೀಲಿಗೆ ಇಷ್ಟು, ಸ್ಟೋರಿಗೆ ಇಷ್ಟು ಅಂತ ರೇಟ್ ಹೇಳಿ ರೊಕ್ಕಾ ಎಣಿಸಿ ತೊಗೊಂಡು “ಗಾಯ್ಸ್, ಒಮ್ಮೆ ಟ್ರಾಯ್ ಮಾಡ್ರಿ” ಅನ್ನಾವ್ರು ಅದಾರ. ಅವ್ರ ಹೊಟ್ಯಾಗ ಒಂದ ತುತ್ತೂ ಹೋಗಿರಂಗಿಲ್ಲ, ಕ್ಯಾಮೆರಾ ಬಂದ್ ಆದ ಕೂಡಲೆ ತಾಟ ಸರಸ್ತಾರ. ಅವ್ರಿಗಿಲ್ಲದ ಪಾಪ ನಿನಗ್ಯಾಕ. ಎರಡ ರೊಟ್ಟಿ, ಒಂದ ಪಲ್ಯಾ. ಬಿಟ್ಟ ಬಿಡು. ದಾವಣಗೆರಿಯವ್ರಿಗೆ “ಈಗ ಬದಲಾಗೈತ್ರಿ” ಅಂತ ಒಂದ ಸಾಲ ಬರದ್ರ ಮುಗೀತು.

---

ಮಾಳಮಡ್ಡಿ ಮಾಸ್ತರ (ಧಾರವಾಡ):

ಗಿರ್ಮಿಟ್ ಅವರ, ರೊಕ್ಕಾ ಎಣಿಸಿ ತೊಗೊಳ್ಳೋವರನ್ನ ಯಾರೂ ಅಷ್ಟ ನಂಬೂದಿಲ್ಲ. ಇವರನ್ನ ನಂಬಿ ಒಬ್ಬರು ವಯಸ್ಸಾದವರನ್ನ ಕಾರಿನಾಗ ಕೂಡಿಸಿಕೊಂಡು ದಾವಣಗೆರಿಯಿಂದ ಬಂದಾರ. ಎರಡಕ್ಕೂ ವ್ಯತ್ಯಾಸ ಅದ. ಮತ್ತ ಆ ಒಂದ ಸಾಲು ದಾವಣಗೆರಿಯವರಿಗೆ ಮಾತ್ರ ಯಾಕ? ನಾಳೆ ಹೊಂಟವರಿಗೆ ಅದನ್ನ ಹೇಳೋರು ಯಾರು?

ಚೀಲದವರ, ಮೊದಲನೇ ಮಾತು: ಅಳಸಬ್ಯಾಡ್ರಿ. ಅಳಿಸಿದ್ರ ನೀವು ಹೇಳೇ ಇಲ್ಲ ಅಂದ್ಹಂಗ ಆಗ್ತದ. ಹೇಳೀರಿ, ಅದನ್ನ ನೋಡಿ ಮಂದಿ ಹೋಗ್ಯಾರ, ವಿಡಿಯೋ ಆಗ್ಯದ. ಮೂಲ ಮಾಯಾ ಆದ್ರ ವಿಡಿಯೋ ಉಳೀತದ, ಅದನ್ನ ತಿದ್ದೋರು ಯಾರೂ ಇರೂದಿಲ್ಲ.

ಎರಡನೇದ್ದು: ಸದ್ದಿಲ್ಲದ ತಿದ್ದಲೂಬ್ಯಾಡ್ರಿ. ಇದು ಅಳಸೂದಕ್ಕಿಂತ ಕೆಟ್ಟದ್ದು. “ಬಿಸಿ ರೊಟ್ಟಿ” ಇದ್ದದ್ದನ್ನ “ರೊಟ್ಟಿ” ಅಂತ ಮಾಡಿ ಸುಮ್ಮ ಕೂತ್ರ, ದಾವಣಗೆರಿಯವರು ತಾವೇ ತಪ್ಪ ಓದೇವೇನೋ ಅಂದ್ಕೋತಾರ. ಓದೋವರ ನೆನಪನ್ನೇ ಸುಳ್ಳ ಮಾಡಿದ್ಹಂಗ ಅದು.

ನಾನು ಸಾಲಿ ಮಾಸ್ತರಿಕಿ ಜೋಡಿ ಅರ್ಧಾ ಆಯುಷ್ಯ ಇಲ್ಲಿ ಪ್ರಕಾಶಕರಿಗೆ ಕರಡು ತಿದ್ದಿಕೊಟ್ಟಾಂವ. ಹಳೇ ಪುಸ್ತಕದಾಗ ಕಡೀ ಪುಟಕ್ಕ “ತಪ್ಪು-ಒಪ್ಪು” ಅಂತ ಒಂದ ಪಟ್ಟಿ ಹಾಕ್ತಿದ್ವಿ. ಪುಟ ಇಷ್ಟು, ಸಾಲು ಇಷ್ಟು, ಹಿಂಗ ಇದ್ದದ್ದು ಹಿಂಗ ಓದ್ಕೋಬೇಕು ಅಂತ. ಪ್ರಾಮಾಣಿಕ ಪದ್ಧತಿ, ಆದ್ರ ಅದನ್ನ ಓದಿದವರು ಬಹುಶಃ ನಾನು ಮತ್ತ ಅಚ್ಚಿನ ಮೊಳಿ ಜೋಡಿಸಾಂವ ಇಬ್ಬರೇ. ನಿಮಗ ಆ ಅಡಚಣಿ ಇಲ್ಲ, ಪಟ್ಟಿ ತಲಿಮ್ಯಾಲೆ ಹಾಕಬಹುದು. ಸುದ್ದಿಪತ್ರಿಕಾದವರೂ ತಡಾ ಮಾಡಿಯಾದ್ರೂ ಇದನ್ನ ಕಲತಾರ. 2006ರಾಗ ದಿ ಹಿಂದೂ ಪತ್ರಿಕಾ ಓದುಗರ ದೂರು ಕೇಳಿ ತಿದ್ದುಪಡಿ ಅಚ್ಚು ಹಾಕ್ಲಿಕ್ಕೇ ಒಬ್ಬ ಓದುಗರ ಸಂಪಾದಕರನ್ನ ನೇಮಿಸ್ತು. ನಿಮ್ಮ ಬ್ಲಾಗಿಗೆ ಸಂಪಾದಕರೂ ನೀವೇ, ಓದುಗರ ಸಂಪಾದಕರೂ ನೀವೇ, ಹಿಂಗಾಗಿ ಇಬ್ಬರ ಕೆಲಸಾನೂ ಮಾಡ್ರಿ.

ಮೂರನೇದ್ದು ತಾರೀಖು. ನಿಮ್ಮ ಬ್ಲಾಗ್ ಈಗ ತೆಗೆದು ನೋಡಿದೆ. ಬರದ ದಿನಾ ಕೆಳಗೆಲ್ಲೋ ಸಣ್ಣ ಅಕ್ಷರದಾಗ ಅದ, ಉಂಡ ದಿನಾ ಎಲ್ಲೂ ಇಲ್ಲ. ಮುಕ್ಕಾಲು ಬರಹದಾಗ “ರೊಟ್ಟಿ ಬಿಸಿ ಇರ್ತದ”, “ಪಲ್ಯಾ ರುಚಿ ಇರ್ತದ” ಅಂತ ಬರದೀರಿ. ಇರ್ತದ ಅಂದ್ರ ಯಾವಾಗಲೂ ಇರ್ತದ ಅಂತ ಜವಾಬ್ದಾರಿ ತೊಗೊಂಡ್ಹಂಗ. ಅಂದು ಇತ್ತು ಅಂತ ಬರದಿದ್ರ ಈ ಅರ್ಧಾ ತ್ರಾಸ ಹುಟ್ಟತಿರಲಿಲ್ಲ.

---

ಚೀಲದಾಂವ (ಗದಗ):

ಮಾಸ್ತರ, ತಾರೀಖಿನ ಮಾತು ತಲಿಗೆ ಹತ್ತಿತು. ಆದ್ರ ತಲಿಮ್ಯಾಲೆ “ಈಗ ಹಿಂಗೈತಿ” ಅಂತ ಹಾಕಿದ್ರ ಹಳೇ ಹೊಗಳಿಕಿ ಯಾರೂ ಓದಂಗಿಲ್ಲ, ಕೆಂಪ ಅಕ್ಷರದ್ದಷ್ಟೇ ಓದತಾರ. ಅಕ್ಕಾರ ಸಂಸಾರ ಆ ಖೋಲಿ ಮ್ಯಾಲೆ ನಡೀತೈತಿ. ಕೆಟ್ಟದ್ದು ಯಾಕ ಆತು ಅನ್ನೂದನ್ನ ಬರದ್ರ ಓದಾವ್ರಿಗೆ ಅಯ್ಯೋ ಅನಸತೈತಿ, ಅವ್ರಿಗೂ ನ್ಯಾಯ ಆಗತೈತಿ. ಆದ್ರ ಅದನ್ನ ಬರಿಯೂ ಹಕ್ಕ ನನಗಿಲ್ಲ.

ಗಿರ್ಮಿಟ್ ತಮ್ಮಾ, ಗೋಕುಲ ರಸ್ತಾದ ಕಡೆ ಹೊಸಾದೊಂದು ಹೋಟೆಲಿನವ್ರೂ ನನಗ ಫೋನ್ ಮಾಡಿದ್ರು. ರೊಕ್ಕಾ ಕೊಡ್ತೇವಿ, ರೊಕ್ಕಾ ಕೊಟ್ಟೇವಿ ಅಂತ ಬರೀಬಾರದು ಅಂದ್ರು. ಅದು ಸರಳ ಇತ್ತು, ಒಲ್ಲೆ ಅಂದೆ. ಕಷ್ಟ ಇರೂದು ಅಕ್ಕಾರ ತಾಟಿಂದು.

---

ವಕೀಲ, ಹಾವೇರಿ:

ನೀವು ನೀತಿಯ ಪ್ರಶ್ನೆ ಕೇಳಿದ್ದೀರಿ, ನಾನು ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಫೀಸು ಬೇಡ, ಆದರೆ ಇದನ್ನು ವಕಾಲತ್ತು ಅಂತಲೂ ತಿಳಿಯಬೇಡಿ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವಿದೆ. ಅದು 2022ರ ಜೂನ್ ತಿಂಗಳಲ್ಲಿ ದಾರಿ ತಪ್ಪಿಸುವ ಜಾಹೀರಾತು ಮತ್ತು ಶಿಫಾರಸುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಶಿಫಾರಸು ಮಾಡುವವನಿಗೂ ಮಾರುವವನಿಗೂ ನಡುವೆ ಓದುಗ ಊಹಿಸಲಾರದ ಸಂಬಂಧವಿದ್ದು, ಅದು ಮಾತಿನ ತೂಕವನ್ನು ಬದಲಿಸುವಂತಿದ್ದರೆ ಪೂರ್ತಿ ಹೇಳಬೇಕು ಎನ್ನುವುದು ಅದರಲ್ಲಿದೆ. 2023ರ ಜನವರಿಯಲ್ಲಿ ಬಂದ ವಿವರಣೆಯಲ್ಲಿ ಯಾವುದೆಲ್ಲ “ಸಂಬಂಧ” ಎಂದು ಬಿಡಿಸಿ ಹೇಳಿದ್ದಾರೆ. ಹಣ ಮಾತ್ರವಲ್ಲ; ಉಚಿತವಾಗಿ ಬಂದ ವಸ್ತು, ರಿಯಾಯಿತಿ, ಉಡುಗೊರೆ, ಪ್ರವಾಸ, ನೆಂಟಸ್ತಿಕೆ, ಸ್ನೇಹ, ನೌಕರಿ ಎಲ್ಲವೂ ಸೇರಿವೆ. ಷರತ್ತು ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ನೀವು ಕೇಳದೆ ಬಂದದ್ದೂ ಲೆಕ್ಕಕ್ಕೆ ಬರುತ್ತದೆ. ಅಕ್ಕನವರ ತಾಟು ಈ ಕಡೆಯದಕ್ಕೇ ಹತ್ತಿರ.

ಹಾಗಂತ ಹೆದರಬೇಡಿ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ಶಿಫಾರಸು ಮಾಡಿದವನನ್ನು ಒಂದು ವರ್ಷ, ಮುಂದೆ ಮೂರು ವರ್ಷದವರೆಗೆ ಆ ಕೆಲಸದಿಂದ ದೂರ ಇಡಲೂಬಹುದು. ಎಣಗಾಯಿಯ ಬೆನ್ನು ಹತ್ತಿ ದೆಹಲಿಯಿಂದ ಯಾರೂ ಗದಗಕ್ಕೆ ಬರುವುದಿಲ್ಲ. ನೀವು ಆ ಬರಹ ಬರೆದಾಗ ರೊಕ್ಕ ಕೊಟ್ಟೇ ಉಂಡಿದ್ದಿರಿ, ಸಂಬಂಧವೇ ಇರಲಿಲ್ಲ. ಇನ್ನು ಮುಂದೆ ಅವರ ಬಗ್ಗೆ ಏನೇ ಬರೆದರೂ, ಹೊಗಳಿದರೂ ತೆಗಳಿದರೂ, “ನನ್ನಿಂದ ಹಣ ತೆಗೆದುಕೊಳ್ಳುವುದಿಲ್ಲ” ಎಂಬ ಸಾಲು ಮೊದಲ ಪ್ಯಾರಾದಲ್ಲಿರಲಿ. ಕಡೆಯಲ್ಲಿ ಹ್ಯಾಶ್‌ಟ್ಯಾಗುಗಳ ರಾಶಿಯೊಳಗೆ ಹೂತಿಡುವುದು ಸಲ್ಲದು ಎಂದು ಅದೇ ವಿವರಣೆ ಹೇಳುತ್ತದೆ. ಬರಹ ಕನ್ನಡದಲ್ಲಿದ್ದರೆ ಆ ಸಾಲೂ ಕನ್ನಡದಲ್ಲಿರಲಿ.

ನನಗೆ ಹೆಚ್ಚು ಕಾಳಜಿ ಇರುವುದು ಇನ್ನೊಂದು ಕಡೆ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ, 2024ರ ಜುಲೈ 1ರಿಂದ ಜಾರಿಯಲ್ಲಿದೆ. ಕೋರ್ಟಿನಲ್ಲಿ “ನಾನು ಬರೆದದ್ದು ನಿಜ” ಎಂದರೆ ಸಾಕು ಎಂದು ಬಹಳ ಜನ ತಿಳಿದಿದ್ದಾರೆ. ಸಾಲದು. ನಿಜವಾಗಿರಬೇಕು, ಅದನ್ನು ಹೇಳುವುದರಲ್ಲಿ ಸಾರ್ವಜನಿಕ ಹಿತವೂ ಇರಬೇಕು. ಊಟ ಮಾರುವವರ ರೊಟ್ಟಿ ತಣ್ಣಗಿತ್ತು ಎಂದು ಹೇಳುವುದರಲ್ಲಿ ಆ ಹಿತ ಕಾಣುತ್ತದೆ. ಅವರ ಮನೆಯಲ್ಲಿ ಯಾರು ಬಿಟ್ಟು ಹೋದರು, ಯಾರ ಜೊತೆ ಜಗಳವಾಯಿತು ಎನ್ನುವುದರಲ್ಲಿ ಏನೂ ಕಾಣುವುದಿಲ್ಲ. ನೀವು ತಾನಾಗಿಯೇ ಸರಿಯಾದ ಕಡೆ ಗೆರೆ ಎಳೆದಿದ್ದೀರಿ.

ಹಾಗೆಯೇ ನಾಲಿಗೆಗೆ ತಾಕಿದ್ದನ್ನು ಬರೆಯಿರಿ, ಊಹಿಸಿದ್ದನ್ನು ಬೇಡ. “ಶೇಂಗಾ ಕಮಟು ವಾಸನೆ ಬರುತ್ತಿತ್ತು” ಎನ್ನುವುದು ನಿಮ್ಮ ಅನುಭವ. “ಕಲಬೆರಕೆ ಎಣ್ಣೆ ಹಾಕುತ್ತಾರೆ” ಎನ್ನುವುದು ಆರೋಪ. ಅದನ್ನು ಹೇಳುವವರು ಆಹಾರ ಸುರಕ್ಷತಾ ಅಧಿಕಾರಿ, ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದ ಮೇಲೆ.

---

ಒಲಿ ಮುಂದಿನಾಕಿ (ರಾಣೆಬೆನ್ನೂರು):

ಯಾರೂ ಒಲಿ ಕಡಿಂದ ಮಾತಾಡವಲ್ರಿ, ಅದಕ್ಕ ನಾ ಬರಿಯಾಕತ್ತೇನಿ. ನಮ್ಮತ್ತಿ ಖಾನಾವಳಿ ನಡಸ್ತಿದ್ರು, ಈಗ ನಾನೂ ನನ್ನ ನೆಗೆಣ್ಣಿನೂ ಕೂಡಿ ಖಡಕ್ ರೊಟ್ಟಿ ಮಾಡಿ ಅಂಗಡಿಗೆ ಹಾಕತೇವಿ.

ಅಣ್ಣಾರ, ನೀವು ಮೂರಕ್ಕ ಹೋದಾಗ ಬಿಸಿ ರೊಟ್ಟಿ ಸಿಗತಿತ್ತು ಅಂದ್ರಿ. ಅದು ಹೆಂಗ ಸಿಗತಿತ್ತು ಅಂತ ವಿಚಾರ ಮಾಡೀರೇನು? ಜ್ವಾಳದ ಹಿಟ್ಟಿಗೆ ಎಸರ ಹಾಕಿ ನಾದಿದ ಮ್ಯಾಲೆ ಇಟ್ಟು ಕೂಡಾಕ ಬರಂಗಿಲ್ರಿ, ಆವಾಗಿಂದಾವಾಗ ಬಡೀಬೇಕು. ಚಪಾತಿ ಹಿಟ್ಟಿನಂಗ ಮುಂಜಾನೆ ಕಲಿಸಿ ಮುಚ್ಚಿಟ್ರ ನಡಿಯಂಗಿಲ್ಲ. ಅಂದ್ರ ಮೂರರ ತನಕಾ ಒಬ್ಬಾಕಿ ಒಲಿ ಬಿಟ್ಟು ಎದ್ದಿರಂಗಿಲ್ಲ. ದಿನಕ್ಕ ಇಷ್ಟ ಮಂದಿ ಅಂತ ಅಂದಾಜ ಇದ್ದಾಗ ಅದು ನಡೀತೈತಿ. ನಿಮ್ಮ ಬರಹಾ, ಆ ವಿಡಿಯೋ ಬಂದ ಮ್ಯಾಲೆ ಐತವಾರ ಮೂರಪಟ್ಟು ಮಂದಿ, ಮಂಗಳವಾರ ಯಾರೂ ಇಲ್ಲ. ಐತವಾರಕ್ಕ ಇನ್ನೊಂದ ಒಲಿ ಹಚ್ಚಬೇಕು, ಇನ್ನೊಬ್ಬಾಕಿನ್ನ ಕರೀಬೇಕು. ಅಕಿ ಏಳೂ ದಿನದ ಪಗಾರ ಕೇಳತಾಳ, ಕೇಳೂದು ನ್ಯಾಯಾನೇ. ಇಲ್ಲಂದ್ರ ಹೊರಗಿಂದ ರೊಟ್ಟಿ ತರಸೂದು. ಅವ್ರ ಮನ್ಯಾಗ ಏನ ಆಗೈತೋ ನನಗ ಗೊತ್ತಿಲ್ಲ, ಆದ್ರ ಏನೂ ಆಗದಿದ್ರೂ ಹಿಂಗ ಆಗತಿತ್ತು. ಇದನ್ನ ಬರೀರಿ. ಇದಕ್ಕ ಯಾರ ಮನಿ ಬಾಗಿಲಾನೂ ತಗಿಯೂದು ಬೇಕಾಗಿಲ್ಲ.

ಬರಿಯೂಕಿಂತ ಮೊದಲ ಅವ್ರ ಮುಂದ ಹೇಳ್ರಿ. ಅವ್ರ ಒಪ್ಪಿಗಿ ತೊಗೊಳ್ರಿ ಅನ್ನಾಂಗಿಲ್ಲ ನಾ. ಮೊದಲ ಅವ್ರ ಕಿವಿಗೆ ಬೀಳಲಿ, ಗಿರಾಕಿ ಬಾಯಿಂದ ತಿಳಿಯೂದು ಬ್ಯಾಡ. ನಮ್ಮತ್ತಿ ಬಗ್ಗೆ ಒಬ್ರು ಎಲ್ಲೋ ಬರದಿದ್ರು, ಸಾರು ನೀರಾಗೈತಿ ಅಂತ. ಖರೇನೇ ಇತ್ತು. ಅಷ್ಟ ವರ್ಷ ಉಂಡ ಮನಷ್ಯಾ ಒಮ್ಮೆ ನನಗ ಹೇಳಿದ್ರ ಆಗತಿರಲಿಲ್ಲೇನು ಅಂತ ಅವ್ರು ಸಾಯೂತನಕಾ ಅನ್ನತಿದ್ರು.

ರೊಕ್ಕದ್ದು ದೊಡ್ಡ ಮಾತಲ್ರಿ. ಗಲ್ಲಾದ ಮ್ಯಾಲೆ ದೇವರ ಫೋಟೋ ಇರತೈತೆಲ್ಲ, ಅದರ ಮುಂದ ಊಟದ ರೊಕ್ಕಾ ಇಟ್ಟು ಕೈ ಮುಗದು ಬರ್ರಿ. ದೇವರ ಮುಂದಿನ ರೊಕ್ಕಾ ಹೊಳ್ಳಿ ಕೊಡಾಕ ಯಾವ ಹೆಣಮಗಳಿಗೂ ಧೈರ್ಯ ಆಗಂಗಿಲ್ಲ.

ಇನ್ನೊಂದ ಐತಿ. ನಿಮ್ಮ ಆ ಬರಹದಾಗ ರೊಟ್ಟಿ ಬಡಿಯೂ ಫೋಟೋ ಐತಿ. ಮುಖಾ ಇಲ್ಲ, ಕೈ ಅಷ್ಟೇ. ಆದ್ರ ಕೈ ಮ್ಯಾಲೆ ಹಚ್ಚಿ ಐತಿ. ಹಚ್ಚಿ, ಬಳಿ ನೋಡಿದ್ರ ಅಕಿ ಊರಿನ ಮಂದಿಗೆ ಯಾರಂತ ಗೊತ್ತಾಗತೈತ್ರಿ. ಅಕಿ ಈಗ ಅಲ್ಲೇ ಅದಾಳೋ ಇಲ್ಲೋ. ಇಲ್ಲಂದ್ರ ಅಕಿ ಕೈ ತೋರಿಸಿ ಬ್ಯಾರೇದವ್ರ ರೊಟ್ಟಿ ಮಾರಿದಂಗ ಆತು.

---

ದುರ್ಗದಬೈಲ್ ಗಿರ್ಮಿಟ್ (ಹುಬ್ಬಳ್ಳಿ):

ಅಕ್ಕಾ, ಕಡೀ ಮಾತಿಗೆ ನಾ ಏನೂ ಹೇಳಾಕ ಬರಂಗಿಲ್ಲ. ಆದ್ರ ದೇವರ ಫೋಟೋದ ಐಡಿಯಾ ನಮ್ಮ ಮೆಸ್ಸಿನಾಗ ನಡಿಯಂಗಿಲ್ಲ, ಅಲ್ಲೆ ಫೋಟೋದ ಮುಂದನ ಕ್ಯೂಆರ್ ಕೋಡ್ ಅಂಟಿಸ್ಯಾರ.

---

ಚೀಲದಾಂವ (ಗದಗ):

ನಿನ್ನೆ ಆ ಕಡೆ ಕೆಲಸ ಇತ್ತು, ಹೋಗಿದ್ದೆ. ಮಂದಿ ಎಲ್ಲಾ ಎದ್ದ ಹೋದ ಮ್ಯಾಲೆ ಅಕ್ಕಾರ ಮುಂದ ದಾವಣಗೆರಿಯವ್ರ ಮೇಲ್ ಓದಿ ತೋರಿಸಿದೆ. ಊಟ ಮೊದಲಿನಂಗಿಲ್ಲ ಅಂತ ನಾನೂ ಹೇಳಿದೆ, ಬರಿಯಾವ ಅದೇನಿ ಅಂತಾನೂ ಹೇಳಿದೆ. ಸಿಟ್ಟ ಆಗತಾರಂತ ತಿಳಕೊಂಡಿದ್ದೆ, ಆಗಲಿಲ್ಲ. ತಾಟ ಎತ್ತಿಕೋತ, “ಬರಿ ತಮ್ಮಾ. ಆದ್ರ ಆಚಿ ಓಣಿ ಖಾನಾವಳಿದೂ ಬರಿತೀಯೇನು? ಅಲ್ಲೂ ಇದೇ ರೊಟ್ಟಿನೇ ಬರತಾವು, ಒಂದೇ ಗಾಡಿಯಾಗ” ಅಂದ್ರು.

ಉತ್ತರಾ ಕೊಡಾಕ ಆಗಲಿಲ್ರಿ ನನಗ. ಯಾಕಂದ್ರ ಆ ಆಚಿ ಓಣಿದ್ದು ನಾ ಯಾವತ್ತೂ ಬರದೇ ಇಲ್ಲ. ಉಂಡೇನಿ, ಮನಸಿಗೆ ಬಂದಿಲ್ಲ, ನನ್ನ ನೇಮದ ಪ್ರಕಾರ ಸುಮ್ಮ ಇದ್ದೇನಿ. ಈಗ ನೋಡ್ರಿ, ಒಂದ ಕಾಲಕ್ಕ ಎಲ್ಲಾರಗಿಂತ ಚಲೋ ಮಾಡಿದಾಕಿ ಒಬ್ಬಾಕಿ ಮ್ಯಾಲೆ “ಈಗ ಕೆಟ್ಟೈತಿ” ಅಂತ ಬೀಳತೈತಿ. ಎಂದೂ ಚಲೋ ಮಾಡದವ್ರ ಮ್ಯಾಲೆ ಏನೂ ಬೀಳಂಗಿಲ್ಲ. ಬಡವರ ಹೊಟ್ಟಿ ಮ್ಯಾಲೆ ಹೊಡಿಯೂದು ಬ್ಯಾಡ ಅಂತ ಮಾಡಿದ ನೇಮ ಬಡವ್ರೊಳಗ ಒಳ್ಳೇವ್ರಿಗೇ ಹೊಡೀತೈತಿ. ಮಾಸ್ತರ, ವಕೀಲರು ಇಬ್ಬರೂ ನನ್ನ ಒಂದ ಬರಹದ ಬಗ್ಗೆ ಹೇಳಿದ್ರಿ. ಅಕ್ಕಾರು ಬರೀದ ಬಿಟ್ಟದ್ದರ ಬಗ್ಗೆ ಕೇಳಿದ್ರು.

ಎಲ್ಲಾರ ಕೆಟ್ಟ ಊಟಾನೂ ಬರಕೋತ ಹೋಗೂದು ನನ್ನ ಕೈಲೆ ಆಗಂಗಿಲ್ಲ, ಮನಸ್ಸೂ ಇಲ್ಲ. ಆದ್ರ ಬರಿಯಂಗಿಲ್ಲ ಅನ್ನೂದನ್ನ ಓದಾವ್ರಿಗೆ ಹೇಳಬಹುದಲ್ಲ. ಅದಕ್ಕ ಬ್ಲಾಗಿನ ತಲಿಮ್ಯಾಲೆ ಇದನ್ನ ಹಾಕಾಂವ ಇದ್ದೇನಿ:

“ನಾ ಉಂಡ ಎಲ್ಲಾ ಖಾನಾವಳಿನೂ ಇಲ್ಲೆ ಇಲ್ಲ. ಹಿಡಿಸಿದ್ದನ್ನ ಬರದೇನಿ, ಹಿಡಿಸದ್ದನ್ನ ಬಿಟ್ಟೇನಿ. ಒಂದ ಹೆಸರ ಇಲ್ಲೆ ಇಲ್ಲ ಅಂದ್ರ ನಾ ಅಲ್ಲೆ ಹೋಗೇ ಇಲ್ಲ ಅಂತ ಬಹುಶಃ ತಿಳಕೋಬ್ಯಾಡ್ರಿ. ಪ್ರತಿ ಬರಹದ ಮ್ಯಾಲೆ ನಾ ಕಡೀಕ ಅಲ್ಲೆ ಉಂಡ ತಿಂಗಳಾ, ವರ್ಷಾ ಐತಿ. ಅದು ಹಳೇದಿದ್ರ ಬರಹಾನೂ ಹಳೇದು.”

ಅಕ್ಕಾರ ಬರಹದ ಮ್ಯಾಲೆ ಇದು:

“ಈ ಖಾನಾವಳಿಯವ್ರು ಈ ಬರಹ ಬಂದ ಮ್ಯಾಲೆ ನನ್ನ ಕಡಿಂದ ಊಟದ ರೊಕ್ಕಾ ತೊಗೊಂಡಿಲ್ಲ. ಕೆಳಗಿನದೆಲ್ಲಾ ಅದಕ್ಕೂ ಮೊದಲ ರೊಕ್ಕಾ ಕೊಟ್ಟು ಉಂಡಾಗಿನ ಮಾತು. ಈಗ ಗಿರಾಕಿ ಹೆಚ್ಚಾಗಿ ರೊಟ್ಟಿ ಹೊರಗಿಂದ ತರಸ್ತಾರ, ನಾ ಹೋದಾಗ ಬಿಸಿ ಇರಲಿಲ್ಲ. ಎಣಗಾಯಿ ಮೊದಲಿನ ರುಚಿ ಇರಲಿಲ್ಲ. ಶೇಂಗಾ ಚಟ್ನಿ, ಮಜ್ಜಿಗಿ ಅಂದಿನಂಗೇ ಅದಾವು. ರೊಟ್ಟಿ ಸಲುವಾಗೇ ದೂರದಿಂದ ಬರಾವ್ರಿದ್ರ ಮೊದಲ ಫೋನ್ ಮಾಡಿ ಕೇಳಿ ಬರ್ರಿ.”

ಹೊರಗಿನ ರೊಟ್ಟಿದು ಬರೀಬಹುದೇನು ಅಂತ ಕೇಳಿದಾಗ ಅಕ್ಕಾರೇ, “ಎಲ್ಲಾರೂ ನೋಡತಾರ, ಮುಚ್ಚೂದೇನೈತಿ” ಅಂದ್ರು. ಕಮಟ ವಾಸನಿ ಮಾತ ಬರದಿಲ್ಲ. ಅವ್ರಿಗೆ ಬಾಯಿಲೆ ಹೇಳೇನಿ, ಡಬ್ಬಿ ವಾಸನಿ ನೋಡಿ ಅಲ್ಲೇ ತಿಪ್ಪಿಗೆ ಚೆಲ್ಲಿದ್ರು. ಚೆಲ್ಲಿದ ಶೇಂಗಾದ ಬಗ್ಗೆ ಇನ್ನ ಬರದು ಏನ ಮಾಡೂದು.

ಒಲಿ ಮುಂದಿನ ತಂಗಿ, ಹಚ್ಚಿ ಕೈಯಿನ ಫೋಟೋ ತಗದೇನಿ. ಆಕಿ ಅಲ್ಲೆ ಇಲ್ಲ, ನೀವ ಅಂದದ್ದು ಖರೆ. ರೊಕ್ಕಾನೂ ನೀವ ಹೇಳಿದಂಗ ದೇವರ ಮುಂದ ಇಟ್ಟೆ. ಅಕ್ಕಾರು ನೋಡಿದ್ರು, ನಕ್ಕರು, ಹೊಳ್ಳಿ ಕೊಡಲಿಲ್ಲ. ಆದ್ರ ಪಾರ್ಸೆಲ್ ಚೀಲದಾಗ ಒಂದ ಪಾಕೀಟ ಅಗಸಿ ಚಟ್ನಿ ಹಾಕಿ ಕೊಟ್ರು. ವಕೀಲರ, ಇದೂ “ಸಂಬಂಧ”ದಾಗ ಬರತೈತೇನ್ರಿ?

---

ವಕೀಲ, ಹಾವೇರಿ:

ಬರುತ್ತದೆ. ಬರೆಯಿರಿ. ಫೋನ್ ನಂಬರು ಹಾಕುವ ಮುನ್ನ ಮಾತ್ರ ಅವರನ್ನು ಕೇಳಿ.

---

ಮಾಳಮಡ್ಡಿ ಮಾಸ್ತರ (ಧಾರವಾಡ):

ಎರಡೂ ಟಿಪ್ಪಣಿ ಓದಿದೆ, ಚಲೋ ಅವ. ಮೊದಲನೇದ್ದರಾಗಿನ “ಬಹುಶಃ” ತಗೀರಿ, ಅಲ್ಲಿ ನಿಮಗ ಯಾವ ಸಂಶಯಾನೂ ಇಲ್ಲ. ಮತ್ತ ಉಳದ ಹಳೇ ಬರಹಕ್ಕ ಉಂಡ ದಿನಾ ಎಲ್ಲಿಂದ ತರ್ತೀರಿ?

---

ಚೀಲದಾಂವ (ಗದಗ):

ತಗದೇರಿ ಮಾಸ್ತರ. ದಿನಾ ಸಿಗತಾವು. ಯಾವತ್ತ ಯಾವ ಊರಾಗ ಯಾವ ಡಾಕ್ಟರ್‌ನ ಭೆಟ್ಟಿ ಆದೆ ಅಂತ ಕಂಪನಿಗೆ ದಿನಾ ರಿಪೋರ್ಟ್ ಹಾಕಬೇಕಲ್ಲ, ಅದನ್ನ ಮುಂದಿಟ್ಕೊಂಡು ಹೊಂದಸ್ತೇನಿ. ಹೊಂದದಿದ್ದದ್ದಕ್ಕ “ಉಂಡ ದಿನಾ ನೆನಪಿಲ್ಲ” ಅಂತಾನೇ ಹಾಕತೇನಿ.

ವಕೀಲರ, ಫೋನ್ ನಂಬರ್ ಹಾಕಂಗಿಲ್ಲ, ಅದು ಅವ್ರ ಮನಿ ನಂಬರ್. ಅವ್ರ ಮಗಾ ಗೂಗಲ್ ಮ್ಯಾಪಿನ್ಯಾಗ ತಂದ ಹಾಕ್ಯಾನ, ಬೇಕಾದವ್ರು ಅಲ್ಲಿಂದ ತೊಗೊಳ್ಳಲಿ.